ಹತ್ತಿರದ ದಾರಿ ಯಾವುದು?

ಕೆಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯ ಭೌತಶಾಸ್ತ್ರ ಪ್ರಾಯೋಗಿಕ ಪರೀಕ್ಷೆಗೆ ಬಾಹ್ಯ ಪರೀಕ್ಷಕನಾಗಿ ಬೇರೊಂದು ಜಿಲ್ಲೆಯ ಕಾಲೇಜಿಗೆ ಹೊರಟಿದ್ದೆ. ಜೊತೆಗೆ ಸಹೋದ್ಯೋಗಿಯೊಬ್ಬರಿದ್ದರು. ಪರೀಕ್ಷೆ ಬೆಳಗ್ಗೆ ಒಂಬತ್ತೂವರೆಗೆ. ಮೊಬೈಲಿನಲ್ಲಿದ್ದ ನಕ್ಷೆ ಹೆದ್ದಾರಿಯನ್ನು ಬಿಟ್ಟು ಒಳದಾರಿಯೊಂದನ್ನು ತೋರಿಸಿತು. ಹದಿನಾಲ್ಕು ಕಿಲೋಮೀಟರ್ ಉಳಿತಾಯ. ನಂಬಿ ತಿರುಗಿದೆವು. ಎರಡು ಹಳ್ಳಿ ದಾಟಿ ಹಳ್ಳವೊಂದರ ಬಳಿಗೆ ಬಂದಾಗ ರಸ್ತೆಯೇ ಮುಗಿದಿತ್ತು. ನೀರಿನ ನಡುವೆ ಸೇತುವೆಯ ಎರಡು ಕಂಬಗಳು ಮಾತ್ರ ನಿಂತಿದ್ದವು. ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಮ್ಮನ್ನು ನೋಡಿ, "ಫೋನ್ ನೋಡ್ಕಂಡ್ ಬಂದ್ರಾ ಸಾರ್? ಸೇತುವೆ ಕೊಚ್ಕಂಡ್ ಹೋಗಿ ಎರಡು ಮಳೆಗಾಲ ಆಯ್ತು" ಎಂದರು. ಬಂದ ದಾರಿಯಲ್ಲೇ ಹಿಂತಿರುಗಿ ಕಾಲೇಜು ಸೇರುವಷ್ಟರಲ್ಲಿ ಹತ್ತೂಕಾಲು. ಪ್ರಯೋಗಾಲಯದ ಹೊರಗೆ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ರೆಕಾರ್ಡ್ ಪುಸ್ತಕ ಹಿಡಿದು ಆತಂಕದಿಂದ ನಿಂತಿದ್ದರು.

ಯಂತ್ರ ತಪ್ಪು ಮಾಡಿತು ಎಂದು ಸಹೋದ್ಯೋಗಿ ಬೈದರು. ನನಗೆ ಹಾಗೆನ್ನಿಸಲಿಲ್ಲ. ಯಂತ್ರ ಮಾಡಿದ ಕೂಡು ಲೆಕ್ಕ ಸರಿಯಾಗಿಯೇ ಇದ್ದಿರಬೇಕು. ಹಾಗಾದರೆ ತಪ್ಪು ಎಲ್ಲಿತ್ತು? ಇದನ್ನು ತಿಳಿಯಲು, ಊರಿಂದ ಊರಿಗೆ ಹತ್ತಿರದ ದಾರಿ ಹುಡುಕುವ ಕೆಲಸ ಗಣಕಯಂತ್ರದ ಪಾಲಿಗೆ ಹೇಗೆ ಬಂತು ಎಂಬ ಚರಿತ್ರೆಯನ್ನು ನೋಡಬೇಕು. ಅದು ಕುತೂಹಲಕಾರಿಯಾಗಿದೆ, ತರಗತಿಯಲ್ಲಿ ಮಾಡಿ ತೋರಿಸಬಹುದಾದ ಸುಲಭ ಪ್ರಯೋಗವೂ ಅದರಲ್ಲಿದೆ.

ಆಕಾರ ಬಿಟ್ಟ ನಕ್ಷೆ

ಆಸ್ಟ್ರಿಯಾದ ವಿಯೆನ್ನಾ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ವಿಚಿತ್ರವಾದ ಹಳೆಯ ನಕ್ಷೆಯೊಂದಿದೆ. ಹೆಸರು ಪ್ಯೂಟಿಂಗರ್ ನಕ್ಷೆ. ರೋಮನ್ ಸಾಮ್ರಾಜ್ಯದ ರಸ್ತೆಗಳನ್ನು ತೋರಿಸುವ ಮೂಲ ನಕ್ಷೆಯ ಮಧ್ಯಯುಗದ ಪ್ರತಿ ಇದು. ಉದ್ದ ಸುಮಾರು 6.75 ಮೀಟರ್, ಎತ್ತರ ಮಾತ್ರ ಒಂದು ಅಡಿಗಿಂತ ತುಸು ಹೆಚ್ಚು. ಇಷ್ಟು ಕಿರಿದಾದ ಪಟ್ಟಿಯಲ್ಲಿ ಯೂರೋಪಿನಿಂದ ಭಾರತದವರೆಗಿನ ನೆಲವೆಲ್ಲ ಅಡಗಿದೆ. ಕೇರಳದ ಪ್ರಾಚೀನ ಬಂದರು ಮುಜಿರಿಸ್ ಕೂಡ ಅದರ ಪೂರ್ವ ತುದಿಯಲ್ಲಿ ಕಾಣುತ್ತದೆ. ಸಮುದ್ರಗಳು ಕಾಲುವೆಗಳಂತೆ ತೆಳ್ಳಗಾಗಿವೆ, ದೇಶಗಳು ಹಿಗ್ಗಿ ಎಳೆದಂತಿವೆ. ಭೂಗೋಳದ ಅಧ್ಯಾಪಕರಿಗೆ ಇದು ತಪ್ಪು ನಕ್ಷೆ. ಆದರೆ ಪ್ರಯಾಣಿಕನಿಗೆ ಬೇಕಾದ ಎರಡು ಸಂಗತಿಗಳು ಇದರಲ್ಲಿವೆ: ಯಾವ ಊರಿನಿಂದ ಯಾವ ಊರಿಗೆ ರಸ್ತೆ ಇದೆ ಮತ್ತು ಆ ಎರಡು ಊರುಗಳ ನಡುವಿನ ದೂರ ಎಷ್ಟು ಎಂಬುದು. ದೂರವನ್ನು ರಸ್ತೆಯ ಗೆರೆಯ ಪಕ್ಕದಲ್ಲೇ ರೋಮನ್ ಅಂಕಿಗಳಲ್ಲಿ ಬರೆಯಲಾಗಿದೆ.

ಆಕಾರವನ್ನು ಬಿಟ್ಟು ಸಂಬಂಧವನ್ನು ಮಾತ್ರ ಉಳಿಸಿಕೊಳ್ಳುವ ಈ ಉಪಾಯಕ್ಕೆ ಗಣಿತದ ರೂಪ ಕೊಟ್ಟವನು ಸ್ವಿಟ್ಜರ್ಲೆಂಡಿನ ಲಿಯೊನಾರ್ಡ್ ಆಯ್ಲರ್. ಪ್ರಶಿಯಾದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಪ್ರೇಗೆಲ್ ನದಿಗೆ ಏಳು ಸೇತುವೆಗಳಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಪಟ್ಟಣವನ್ನು ಸುತ್ತಿ ಬರಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು 1736ರ ತನ್ನ ಲೇಖನದಲ್ಲಿ ಆಯ್ಲರ್ ತೋರಿಸಿದ. ನದಿಯ ಅಗಲ, ದಂಡೆಯ ತಿರುವು, ಸೇತುವೆಯ ಉದ್ದ ಯಾವುದೂ ಅವನಿಗೆ ಬೇಕಾಗಲಿಲ್ಲ. ನಾಲ್ಕು ನೆಲಭಾಗಗಳು ಮತ್ತು ಅವುಗಳನ್ನು ಕೂಡಿಸುವ ಏಳು ಸಂಪರ್ಕಗಳು ಸಾಕಾದವು. ಹೀಗೆ ಬಿಂದುಗಳು ಮತ್ತು ಅವುಗಳನ್ನು ಕೂಡಿಸುವ ಗೆರೆಗಳಿಂದಾದ ರಚನೆಯನ್ನು ಗಣಿತಜ್ಞರು ಗ್ರಾಫ್ ಎನ್ನುತ್ತಾರೆ. ನಾವಿಲ್ಲಿ ಅದನ್ನು ಜಾಲ ಎಂದು ಕರೆಯೋಣ. ಗೆರೆಯೊಂದರ ಮೇಲೆ ಬರೆದ ಅಂಕಿಗೆ, ಅಂದರೆ ದೂರಕ್ಕೋ ಕಾಲಕ್ಕೋ, ಆ ಗೆರೆಯ ತೂಕ ಎಂದು ಹೆಸರು.

ಎಲ್ಲ ದಾರಿಗಳನ್ನೂ ಎಣಿಸಲಾದೀತೆ?

ಜಾಲ ಸಿಕ್ಕಿತು, ದೂರಗಳೂ ಸಿಕ್ಕಿದವು. ಇನ್ನೇನು, ಎಲ್ಲ ದಾರಿಗಳ ಉದ್ದವನ್ನೂ ಕೂಡಿ ನೋಡಿ ಅತಿ ಕಡಿಮೆಯದನ್ನು ಆರಿಸಿದರಾಯಿತು ಎನ್ನಿಸಬಹುದು. ಗಣಕಯಂತ್ರಕ್ಕೆ ವೇಗ ಇದೆಯಲ್ಲ! ಈ ಆಸೆ ಎಷ್ಟು ಬೇಗ ಒಡೆಯುತ್ತದೆ ನೋಡಿ. ಚೌಕುಳಿ ಹಾಳೆಯ ಮೇಲೆ ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು ಚೌಕಗಳ ಬಡಾವಣೆಯೊಂದನ್ನು ಬರೆದುಕೊಳ್ಳಿ. ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಮೂಲೆಗೆ ಹೋಗಬೇಕು. ಬಲಕ್ಕೆ ಅಥವಾ ಕೆಳಕ್ಕೆ ಮಾತ್ರ ನಡೆಯಬಹುದು. ದಾರಿಗಳ ಸಂಖ್ಯೆ 1,84,756. ಬಡಾವಣೆಯನ್ನು ಇಪ್ಪತ್ತಕ್ಕೆ ಇಪ್ಪತ್ತು ಚೌಕ ಮಾಡಿದರೆ? ರಸ್ತೆಗಳು ಸೇರುವ ಮೂಲೆಗಳು 441 ಮಾತ್ರ. ದಾರಿಗಳಾದರೋ 13,784 ಕೋಟಿಗೂ ಹೆಚ್ಚು. ಸಂಯೋಜನೆಯ ಪಾಠ ಓದಿದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು: 40 ಹೆಜ್ಜೆಗಳಲ್ಲಿ 20 ಹೆಜ್ಜೆಗಳನ್ನು ಆರಿಸುವ ಬಗೆಗಳು ಎಷ್ಟು ಎಂಬುದೇ ಪ್ರಶ್ನೆ. ಒಂದು ರಾಜ್ಯದ ರಸ್ತೆಜಾಲದಲ್ಲಿ ಇಂಥ ಕೂಡುಸ್ಥಳಗಳು ಲಕ್ಷಗಟ್ಟಲೆ ಇರುತ್ತವೆ. ಅಲ್ಲಿ ಎಲ್ಲ ದಾರಿಗಳನ್ನೂ ಪರೀಕ್ಷಿಸಲು ಯಾವ ಯಂತ್ರದಿಂದಲೂ ಆಗದು. ಆದ್ದರಿಂದ ದಾರಿ ಹುಡುಕುವ ಜಾಣತನವೆಂದರೆ, ಯಾವ ದಾರಿಗಳನ್ನು ನೋಡುವ ಅಗತ್ಯವೇ ಇಲ್ಲ ಎಂದು ಖಚಿತವಾಗಿ ತಿಳಿಯುವುದು.

ಇಪ್ಪತ್ತು ನಿಮಿಷದ ಆವಿಷ್ಕಾರ

ಎರಡನೆಯ ಮಹಾಯುದ್ಧದ ನಂತರ ದೂರವಾಣಿ ಕರೆಗಳನ್ನು ಯಾವ ತಂತಿಯ ಮೂಲಕ ಕಳಿಸಬೇಕು, ಸರಕನ್ನು ಯಾವ ಮಾರ್ಗದಲ್ಲಿ ಸಾಗಿಸಬೇಕು ಎಂಬ ಪ್ರಶ್ನೆಗಳು ಗಣಿತಜ್ಞರನ್ನು ಈ ಸಮಸ್ಯೆಗೆ ಎಳೆದವು. ಅಮೆರಿಕದಲ್ಲಿ ಲೆಸ್ಟರ್ ಫೋರ್ಡ್, ರಿಚರ್ಡ್ ಬೆಲ್ಮನ್, ಎಡ್ವರ್ಡ್ ಮೂರ್ ಮುಂತಾದವರು 1956ರಿಂದ 1959ರ ನಡುವೆ ಬೇರೆ ಬೇರೆ ವಿಧಾನಗಳನ್ನು ಸೂಚಿಸಿದರು. ಆದರೆ ಇಂದು ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ವಿಧಾನ.

ಡೈಕ್‌ಸ್ಟ್ರಾ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಸೈದ್ಧಾಂತಿಕ ಭೌತಶಾಸ್ತ್ರ. ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ಕೆಲಸಕ್ಕೆ ಸೇರಿಕೊಂಡರು. 1957ರಲ್ಲಿ ಮದುವೆಯಾದಾಗ ವೃತ್ತಿ ಯಾವುದು ಎಂಬಲ್ಲಿ 'ಪ್ರೋಗ್ರಾಮರ್' ಎಂದು ಹೇಳಿದರಂತೆ. ಅಂಥ ವೃತ್ತಿಯೇ ಇಲ್ಲ ಎಂದು ಪುರಭವನದ ಅಧಿಕಾರಿಗಳು ಒಪ್ಪಲಿಲ್ಲ. ಕಡೆಗೆ 'ಸೈದ್ಧಾಂತಿಕ ಭೌತವಿಜ್ಞಾನಿ' ಎಂದು ಬರೆಯಬೇಕಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ.

1956ರಲ್ಲಿ ಆ ಕೇಂದ್ರದಲ್ಲಿ ಆರ್ಮಾಕ್ ಎಂಬ ಹೊಸ ಗಣಕಯಂತ್ರ ಸಿದ್ಧವಾಯಿತು. ಅದರ ಸಾಮರ್ಥ್ಯವನ್ನು ಸಾರ್ವಜನಿಕರಿಗೆ ತೋರಿಸಲು ಗಣಿತ ಬಾರದವರಿಗೂ ಅರ್ಥವಾಗುವ ಪ್ರಶ್ನೆಯೊಂದು ಬೇಕಿತ್ತು. ರಾಟರ್‌ಡ್ಯಾಮ್‌ನಿಂದ ಗ್ರೋನಿಂಗನ್‌ಗೆ ಅತಿ ಹತ್ತಿರದ ದಾರಿ ಯಾವುದು? ಇದಕ್ಕೆ ವಿವರಣೆ ಬೇಕಿಲ್ಲ. ಒಂದು ಬೆಳಗ್ಗೆ ಭಾವೀ ಪತ್ನಿಯೊಡನೆ ಅಂಗಡಿಗಳನ್ನು ಸುತ್ತಿ ದಣಿದು ಹೋಟೆಲೊಂದರ ಹೊರಗೆ ಕಾಫಿ ಕುಡಿಯುತ್ತ ಕುಳಿತಾಗ ಈ ಪ್ರಶ್ನೆಯನ್ನು ಯೋಚಿಸಿದರು. ಇಪ್ಪತ್ತು ನಿಮಿಷದಲ್ಲಿ ವಿಧಾನ ಹೊಳೆಯಿತು. ಕೈಯಲ್ಲಿ ಕಾಗದವಿರಲಿಲ್ಲ, ಪೆನ್ಸಿಲ್ಲೂ ಇರಲಿಲ್ಲ. ಹಾಗಿದ್ದುದರಿಂದಲೇ ತಪ್ಪಿಸಬಹುದಾದ ತೊಡಕುಗಳನ್ನೆಲ್ಲ ತಪ್ಪಿಸುವುದು ಅನಿವಾರ್ಯವಾಯಿತು ಎಂದು ಅವರು ನಂತರ ನೆನಪಿಸಿಕೊಂಡರು. ಪ್ರದರ್ಶನಕ್ಕೆಂದು ದೇಶದ 64 ಊರುಗಳ ಜಾಲವನ್ನು ಆರಿಸಿಕೊಂಡರು. 64 ಏಕೆ? ಎರಡರ ಆರನೆಯ ಘಾತ 64. ಆರು ಬಿಟ್‌ಗಳಲ್ಲಿ ಒಂದು ಊರಿನ ಸಂಕೇತವನ್ನು ಬರೆದುಬಿಡಬಹುದಿತ್ತು. 1959ರಲ್ಲಿ ಪ್ರಕಟವಾದ ಅವರ ಲೇಖನ ಕೇವಲ ಮೂರು ಪುಟಗಳದ್ದು.

ವಿಧಾನವನ್ನು ಐದು ಊರುಗಳ ಉದಾಹರಣೆಯಿಂದ ತಿಳಿಯೋಣ. ಊರುಗಳು ಕ, ಖ, ಗ, ಘ, ಚ. ರಸ್ತೆಗಳ ಉದ್ದ ಕಿಲೋಮೀಟರುಗಳಲ್ಲಿ ಹೀಗಿದೆ: ಕ–ಖ 40, ಕ–ಗ 20, ಗ–ಖ 10, ಖ–ಘ 50, ಗ–ಘ 80, ಗ–ಚ 100, ಘ–ಚ 30. ಹೊರಡುವುದು ಕ ಊರಿನಿಂದ, ಸೇರಬೇಕಾದ್ದು ಚ ಊರನ್ನು.

ಮೊದಲು ಕ ಊರಿನಿಂದ ನೇರ ರಸ್ತೆ ಇರುವ ಊರುಗಳನ್ನು ನೋಡಿ: ಖ 40, ಗ 20. ಇವುಗಳಲ್ಲಿ ಚಿಕ್ಕದು ಗ. ಆದ್ದರಿಂದ ಗ ಊರಿನ ದೂರ 20 ಎಂದು ಖಾಯಂ ಮಾಡಿ. ಬೇರೆ ಯಾವ ದಾರಿಯಲ್ಲಿ ಹೋದರೂ ಮೊದಲು ಖ ಊರಿಗೆ 40 ಕಿ.ಮೀ. ನಡೆಯಲೇಬೇಕು. ರಸ್ತೆಯ ಉದ್ದ ಎಂದೂ ಋಣಸಂಖ್ಯೆ ಆಗದ ಕಾರಣ, ಅಲ್ಲಿಂದ ಸುತ್ತಿ ಬಂದರೆ 20ಕ್ಕಿಂತ ಕಡಿಮೆ ಆಗುವುದು ಅಸಾಧ್ಯ. ಈಗ ಗ ಊರಿನಲ್ಲಿ ನಿಂತು ನೋಡಿ. ಅಲ್ಲಿಂದ ಖ ಊರಿಗೆ 20 + 10 = 30; ಹಿಂದಿನ 40ನ್ನು ಹೊಡೆದು 30 ಎಂದು ಬರೆಯಿರಿ. ಘ ಊರಿಗೆ 100, ಚ ಊರಿಗೆ 120. ಉಳಿದವುಗಳಲ್ಲಿ ಚಿಕ್ಕದು ಖ, ಅದನ್ನು 30ಕ್ಕೆ ಖಾಯಂ ಮಾಡಿ. ಅಲ್ಲಿಂದ ಘ ಊರಿಗೆ 80. ಹಿಂದಿನ 100 ಹೋಯಿತು. ಘ ಖಾಯಂ. ಅಲ್ಲಿಂದ ಚ ಊರಿಗೆ 110. ಹಿಂದಿನ 120 ಹೋಯಿತು. ಉತ್ತರ 110 ಕಿ.ಮೀ.; ದಾರಿ ಕ–ಗ–ಖ–ಘ–ಚ. ನಡುವೆ ಒಂದೇ ಊರು ಸಿಗುವ ಕ–ಗ–ಚ ದಾರಿಗಿಂತ ಮೂರು ಊರು ಸುತ್ತಿ ಹೋಗುವ ದಾರಿಯೇ ಇಲ್ಲಿ ಚಿಕ್ಕದು! ಪ್ರತಿ ಊರನ್ನೂ ಒಂದೇ ಸಲ ಖಾಯಂ ಮಾಡಿದೆವು. ಎಲ್ಲ ದಾರಿಗಳನ್ನೂ ಎಣಿಸುವ ಪ್ರಮೇಯ ಬರಲಿಲ್ಲ.

ದಾರದ ಗಂಟುಗಳು

ಇದೇ ಲೆಕ್ಕವನ್ನು ಅಂಕಿಗಳಿಲ್ಲದೆ ಮಾಡಬಹುದು. ಅಮೆರಿಕದ ಗಣಿತಜ್ಞ ಜಾರ್ಜ್ ಮಿಂಟಿ 1957ರಲ್ಲಿ ಚಿಕ್ಕ ಟಿಪ್ಪಣಿಯೊಂದರಲ್ಲಿ ಇದನ್ನು ಸೂಚಿಸಿದರು. ರಸ್ತೆಗೊಂದು ದಾರ, ಊರಿಗೊಂದು ಗಂಟು. ದಾರದ ಉದ್ದ ರಸ್ತೆಯ ಉದ್ದಕ್ಕೆ ಅನುಗುಣವಾಗಿರಲಿ. ಹೊರಡುವ ಊರಿನ ಗಂಟನ್ನು ಒಂದು ಕೈಯಲ್ಲಿ, ಸೇರುವ ಊರಿನ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಳೆಯಿರಿ. ಬಿಗಿಯಾಗಿ ನಿಲ್ಲುವ ದಾರಗಳೇ ಹತ್ತಿರದ ದಾರಿ. ಉಳಿದವೆಲ್ಲ ಸಡಿಲವಾಗಿ ಜೋತುಬೀಳುತ್ತವೆ.

ನನ್ನ ತರಗತಿಯಲ್ಲಿ ಇದನ್ನು ತುಸು ಬದಲಿಸಿ ಮಾಡಿಸುತ್ತೇನೆ. ಹತ್ತು ಕಿ.ಮೀ.ಗೆ ಐದು ಸೆಂಟಿಮೀಟರಿನಂತೆ ಮೇಲಿನ ಐದು ಊರುಗಳ ಜಾಲವನ್ನು ಕಟ್ಟಿ, ಪ್ರತಿ ಗಂಟಿಗೂ ಚಿಕ್ಕ ನಟ್ ಒಂದನ್ನು ಸಿಕ್ಕಿಸಿ, ಎಲ್ಲವನ್ನೂ ಮೇಜಿನ ಮೇಲೆ ಗುಪ್ಪೆಯಾಗಿ ಇಡುತ್ತೇವೆ. ಬಳಿಕ ಕ ಗಂಟನ್ನು ಮಾತ್ರ ಹಿಡಿದು ನಿಧಾನವಾಗಿ ಮೇಲಕ್ಕೆ ಎತ್ತುತ್ತೇವೆ. ಕ ಗಂಟು 10 ಸೆಂ.ಮೀ. ಏರಿದಾಗ ಗ ಮೇಜನ್ನು ಬಿಡುತ್ತದೆ, 15ಕ್ಕೆ ಖ, 40ಕ್ಕೆ ಘ, 55ಕ್ಕೆ ಚ. ಡೈಕ್‌ಸ್ಟ್ರಾ ಊರುಗಳನ್ನು ಖಾಯಂ ಮಾಡಿದ ಕ್ರಮದಲ್ಲೇ ಗಂಟುಗಳು ಏಳುತ್ತವೆ! ಗುರುತ್ವಾಕರ್ಷಣೆ ಕ್ರಮವಿಧಿಯನ್ನು ನಡೆಸಿಕೊಟ್ಟಂತಾಯಿತು. ಶಾಲೆಯಲ್ಲಿ ಗಣಕಯಂತ್ರ ಇಲ್ಲದಿದ್ದರೂ ಈ ಪಾಠ ನಿಲ್ಲಬೇಕಾಗಿಲ್ಲ.

ಯಾವುದರಲ್ಲಿ ಹತ್ತಿರ?

ಮೇಲಿನ ಲೆಕ್ಕದಲ್ಲಿ ನಾವು ಕಿಲೋಮೀಟರನ್ನು ತೂಕವಾಗಿ ತೆಗೆದುಕೊಂಡೆವು. ಖ–ಘ ರಸ್ತೆ ಘಾಟಿಯದು, ಅಲ್ಲಿ ಗಂಟೆಗೆ 25 ಕಿ.ಮೀ. ವೇಗ ಮಾತ್ರ ಸಾಧ್ಯ, ಉಳಿದೆಡೆ 50 ಕಿ.ಮೀ. ಎನ್ನಿ. ಈಗ 110 ಕಿ.ಮೀ. ದಾರಿಗೆ ಬೇಕಾಗುವ ಕಾಲ 3 ಗಂಟೆ 12 ನಿಮಿಷ. ಕ–ಗ–ಚ ದಾರಿ 120 ಕಿ.ಮೀ. ಇದ್ದರೂ 2 ಗಂಟೆ 24 ನಿಮಿಷದಲ್ಲಿ ಮುಗಿಯುತ್ತದೆ. ಕ್ರಮವಿಧಿ ಅದೇ; ತೂಕ ಬದಲಾಯಿತು, ಉತ್ತರವೂ ಬದಲಾಯಿತು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದೇಕೆ? ಅದು ಅತಿ ಕಡಿಮೆ ದೂರದ ದಾರಿಯನ್ನಲ್ಲ, ಅತಿ ಕಡಿಮೆ ಕಾಲದ ದಾರಿಯನ್ನು ಹಿಡಿಯುತ್ತದೆ ಎಂದು ಪಿಯೆರ್ ಡಿ ಫರ್ಮಾ 1662ರಲ್ಲಿ ವಿವರಿಸಿದ. ನಿಧಾನವಾಗಿ ಚಲಿಸಬೇಕಾದ ನೀರಿನಲ್ಲಿ ಕಡಿಮೆ ದೂರ, ವೇಗವಾಗಿ ಹೋಗಬಹುದಾದ ಗಾಳಿಯಲ್ಲಿ ತುಸು ಹೆಚ್ಚು ದೂರ. ಘಾಟಿಯನ್ನು ತಪ್ಪಿಸಿ ಬಯಲಿನ ಹೆದ್ದಾರಿ ಹಿಡಿಯುವ ಚಾಲಕನ ಲೆಕ್ಕವೂ ಇದೇ ಬಗೆಯದು. ಡೈಕ್‌ಸ್ಟ್ರಾ ವಿಧಾನವನ್ನು ಕೊಳದಲ್ಲಿ ಹರಡುವ ಅಲೆಗೂ ಹೋಲಿಸಬಹುದು. ಕಲ್ಲು ಬಿದ್ದ ಜಾಗದಿಂದ ಅಲೆ ಎಲ್ಲ ದಿಕ್ಕಿಗೂ ಹೊರಡುತ್ತದೆ. ಪ್ರತಿ ಸ್ಥಳಕ್ಕೂ ಅದು ಮೊದಲು ಮುಟ್ಟಿದ ಕ್ಷಣವೇ ಆ ಸ್ಥಳದ 'ದೂರ'.

ರಸ್ತೆಗಳು ಕೋಷ್ಟಕವಾದವು

ವಿಧಾನ 1959ರಲ್ಲೇ ಪ್ರಕಟವಾಗಿದ್ದರೂ ಅದು ಸಾಮಾನ್ಯ ಪ್ರಯಾಣಿಕನ ಕೈಗೆ ಬರಲು ದಶಕಗಳೇ ಬೇಕಾದವು. ಕಾರಣ, ರಸ್ತೆಗಳು ಇನ್ನೂ ಕಾಗದದ ಮೇಲಿದ್ದವು. ಗಣಕಯಂತ್ರಕ್ಕೆ ಚಿತ್ರ ಸಾಲದು. ಯಾವ ಕೂಡುಸ್ಥಳದಿಂದ ಯಾವ ಕೂಡುಸ್ಥಳಕ್ಕೆ ರಸ್ತೆ, ಎಷ್ಟು ಉದ್ದ, ಏಕಮುಖವೋ ದ್ವಿಮುಖವೋ, ಇವೆಲ್ಲ ಕೋಷ್ಟಕದ ರೂಪದಲ್ಲಿ ಬೇಕು.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು ಅಮೆರಿಕದ ಜನಗಣತಿ ಇಲಾಖೆ. 1970ರ ಗಣತಿಗಾಗಿ ಅದು ಡೈಮ್ ಎಂಬ ಕಡತಗಳನ್ನು ಸಿದ್ಧಪಡಿಸಿತು. ಬೀದಿಯ ಪ್ರತಿ ತುಂಡಿಗೂ ಆರಂಭದ ಬಿಂದು, ಕೊನೆಯ ಬಿಂದು, ಎಡಗಡೆಯ ಮತ್ತು ಬಲಗಡೆಯ ವಠಾರ ಯಾವುವು ಎಂದು ಬರೆದಿಡುವ ಕ್ರಮ ಅದು. ಆಯ್ಲರನ ಜಾಲವೇ ಸರ್ಕಾರಿ ಕಡತವಾಗಿತ್ತು. 1990ರ ಗಣತಿಯ ಹೊತ್ತಿಗೆ ಟೈಗರ್ ಎಂಬ ವ್ಯವಸ್ಥೆ ದೇಶದ ರಸ್ತೆಗಳನ್ನೆಲ್ಲ ಒಳಗೊಂಡಿತು. ಈ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದಾಗಿತ್ತು. ಮನೆಮನೆಗೆ ಹೋಗಿ ತಲೆ ಎಣಿಸುವ ಕೆಲಸದಿಂದ ದಾರಿ ತೋರಿಸುವ ಉದ್ಯಮಕ್ಕೆ ಇಂಧನ ಸಿಕ್ಕಿತು.

1985ರಲ್ಲಿ ಕ್ಯಾಲಿಫೋರ್ನಿಯಾದ ಈಟಾಕ್ ಎಂಬ ಸಂಸ್ಥೆ ಕಾರಿನಲ್ಲಿ ಇಡಬಹುದಾದ ಡಿಜಿಟಲ್ ನಕ್ಷೆಯನ್ನು ಮಾರಾಟಕ್ಕೆ ತಂದಿತು. ಪೆಸಿಫಿಕ್ ದ್ವೀಪಗಳ ನಾವಿಕರು ದಿಕ್ಕು ಕಂಡುಕೊಳ್ಳುವ ಒಂದು ವಿಧಾನದಿಂದ ಆ ಹೆಸರು ಬಂದಿತ್ತು. ನಕ್ಷೆ ಕ್ಯಾಸೆಟ್ ಟೇಪಿನಲ್ಲಿ ಇರುತ್ತಿತ್ತು. ಊರು ಬದಲಾದರೆ ಕ್ಯಾಸೆಟ್ಟೂ ಬದಲು. ಚಕ್ರಗಳ ಸುತ್ತು ಮತ್ತು ದಿಕ್ಸೂಚಿಯನ್ನು ಆಧರಿಸಿ ಕಾರು ಎಲ್ಲಿದೆ ಎಂದು ಅದು ಅಂದಾಜು ಮಾಡುತ್ತಿತ್ತು. ನಾವಿರುವ ಸ್ಥಳ ಮತ್ತು ಸೇರಬೇಕಾದ ಸ್ಥಳವನ್ನು ಅದು ತೋರಿಸುತ್ತಿತ್ತೇ ಹೊರತು, ದಾರಿಯನ್ನು ಲೆಕ್ಕ ಹಾಕಿ ಕೊಡುತ್ತಿರಲಿಲ್ಲ.

ಸ್ಥಳ ತಿಳಿಯುವ ತೊಡಕನ್ನು ನೀಗಿಸಿದ್ದು ಉಪಗ್ರಹಗಳು. ಅಮೆರಿಕದ ಜಿಪಿಎಸ್ ವ್ಯವಸ್ಥೆ 1995ರಲ್ಲಿ ಪೂರ್ಣಪ್ರಮಾಣದಲ್ಲಿ ಕೆಲಸ ಆರಂಭಿಸಿತು. ಅದರ ಉಪಗ್ರಹಗಳ ಗಡಿಯಾರಗಳು ಸಾಪೇಕ್ಷತೆಯ ಕಾರಣ ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕದಲ್ಲಿ ಹತ್ತು ಕಿ.ಮೀ.ಗೂ ಹೆಚ್ಚು ದೋಷ ಸೇರಿಕೊಳ್ಳುತ್ತಿತ್ತು. ರಕ್ಷಣೆಯ ಕಾರಣಕ್ಕೆ ನಾಗರಿಕರ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಲಾಯಿತು. ಅಲ್ಲಿಯವರೆಗೆ ಸುಮಾರು ನೂರು ಮೀಟರ್ ಇದ್ದ ಅನಿಶ್ಚಿತತೆ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಕಾರು ಹೆದ್ದಾರಿಯಲ್ಲಿದೆಯೋ ಪಕ್ಕದ ಬೀದಿಯಲ್ಲಿದೆಯೋ ಎಂದು ಹೇಳಲು ಬಹುಮಟ್ಟಿಗೆ ಸಾಧ್ಯವಾಯಿತು.

ಅಲೆಯನ್ನು ಕಿರಿದುಗೊಳಿಸುವುದು

ಡೈಕ್‌ಸ್ಟ್ರಾ ಅಲೆ ಎಲ್ಲ ದಿಕ್ಕಿಗೂ ಹರಡುತ್ತದೆ ಎಂದೆವಷ್ಟೆ. ಉತ್ತರಕ್ಕೆ ಹೋಗಬೇಕಾದವನಿಗಾಗಿ ದಕ್ಷಿಣದ ಊರುಗಳನ್ನೂ ಅದು ಹುಡುಕುತ್ತದೆ. ಈ ವ್ಯರ್ಥ ಶ್ರಮವನ್ನು ಕಡಿಮೆ ಮಾಡುವ ಉಪಾಯ 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಿಂದ ಬಂತು. ಅಲ್ಲಿ ಷೇಕಿ ಎಂಬ ರೋಬಾಟು ಕೋಣೆಯೊಳಗೆ ಅಡೆತಡೆಗಳನ್ನು ತಪ್ಪಿಸಿ ಚಲಿಸಬೇಕಿತ್ತು. ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್ ಮತ್ತು ಬರ್ಟ್ರಮ್ ರಾಫೆಲ್ 'ಎ ಸ್ಟಾರ್' ಎಂಬ ವಿಧಾನವನ್ನು ರೂಪಿಸಿದರು. ಇದುವರೆಗೆ ಬಂದ ದೂರಕ್ಕೆ ಗುರಿಯವರೆಗಿನ ನೇರ ಗೆರೆಯ ದೂರವನ್ನು ಕೂಡಿ, ಆ ಮೊತ್ತ ಚಿಕ್ಕದಾಗಿರುವ ಕಡೆ ಮೊದಲು ಹುಡುಕಬೇಕು. ರಸ್ತೆ ಎಂದೂ ನೇರ ಗೆರೆಗಿಂತ ಚಿಕ್ಕದಾಗುವುದಿಲ್ಲವಾದ್ದರಿಂದ ಉತ್ತರ ತಪ್ಪುವುದಿಲ್ಲ. ಅಲೆ ಮಾತ್ರ ಗುರಿಯ ಕಡೆಗೆ ವಾಲುತ್ತದೆ.

ಮುಂದಿನ ದೊಡ್ಡ ಹೆಜ್ಜೆ ಜರ್ಮನಿಯ ಕಾರ್ಲ್‌ಸ್ರೂಹೆಯಲ್ಲಿ ಆಯಿತು. ಪಶ್ಚಿಮ ಯೂರೋಪಿನ ರಸ್ತೆಜಾಲದಲ್ಲಿ ಸುಮಾರು 1 ಕೋಟಿ 80 ಲಕ್ಷ ಕೂಡುಸ್ಥಳಗಳು. ಇಂಥ ಜಾಲದಲ್ಲಿ ಡೈಕ್‌ಸ್ಟ್ರಾ ವಿಧಾನಕ್ಕೆ ಒಂದು ಪ್ರಶ್ನೆಗೆ ಉತ್ತರಿಸಲು ಕೆಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಒಬ್ಬನಿಗೆ ಅದು ಸಾಕು. ಏಕಕಾಲಕ್ಕೆ ಲಕ್ಷಾಂತರ ಜನ ಕೇಳಿದರೆ ಸಾಲದು. 2008ರಲ್ಲಿ ರಾಬರ್ಟ್ ಗೈಸ್‌ಬರ್ಗರ್, ಪೀಟರ್ ಸ್ಯಾಂಡರ್ಸ್ ಮತ್ತು ಸಂಗಡಿಗರು ಬೇರೆ ಉಪಾಯ ಮಾಡಿದರು. ಪ್ರಶ್ನೆ ಬರುವ ಮೊದಲೇ ಜಾಲವನ್ನು ಅಭ್ಯಾಸ ಮಾಡಿ, ಮುಖ್ಯವಲ್ಲದ ಕೂಡುಸ್ಥಳಗಳನ್ನು ಒಂದೊಂದಾಗಿ ಬದಿಗಿಟ್ಟು, ಅವುಗಳ ಮೂಲಕ ಹೋಗುತ್ತಿದ್ದ ದಾರಿಗಳಿಗೆ ಬದಲಾಗಿ ಕೋಷ್ಟಕದಲ್ಲೇ 'ಅಡ್ಡದಾರಿ'ಗಳನ್ನು ಬರೆದಿಡುವುದು. ಪ್ರಶ್ನೆ ಬಂದಾಗ ಎರಡೂ ತುದಿಗಳಿಂದ ಚಿಕ್ಕ ರಸ್ತೆಯಿಂದ ದೊಡ್ಡ ರಸ್ತೆಗೆ ಏರುತ್ತ ಹೋದರೆ ನಡುವೆ ಎಲ್ಲೋ ಭೇಟಿಯಾಗುತ್ತದೆ. ನೋಡಬೇಕಾದ ಕೂಡುಸ್ಥಳಗಳು ಕೋಟಿಯ ಬದಲು ಕೆಲವು ನೂರು. ಉತ್ತರ ಒಂದು ಮಿಲಿಸೆಕೆಂಡಿಗೂ ಮೊದಲೇ ಸಿದ್ಧ.

ಈ ಚರಿತ್ರೆ ಮುಗಿದಿಲ್ಲ. ಡೈಕ್‌ಸ್ಟ್ರಾ ವಿಧಾನದಲ್ಲಿ ಪ್ರತಿ ಹಂತದಲ್ಲೂ ಅತಿ ಚಿಕ್ಕ ದೂರವನ್ನು ಆರಿಸಬೇಕಾದ್ದರಿಂದ ಊರುಗಳನ್ನು ದೂರದ ಕ್ರಮದಲ್ಲಿ ಜೋಡಿಸಿದಂತೆಯೇ ಆಗುತ್ತದೆ. ಈ ಜೋಡಣೆಯ ಶ್ರಮವನ್ನು ಎಲ್ಲ ಬಗೆಯ ಜಾಲಗಳಲ್ಲೂ ತಪ್ಪಿಸಲಾಗದು ಎಂದು ಬಹುಕಾಲ ಭಾವಿಸಲಾಗಿತ್ತು. ತಪ್ಪಿಸಬಹುದು ಎಂದು ಚೀನಾದ ತ್ಸಿಂಘುವಾ ವಿಶ್ವವಿದ್ಯಾನಿಲಯದ ರಾನ್ ಡುವಾನ್ ಮತ್ತು ಸಂಗಡಿಗರು 2025ರಲ್ಲಿ ಸಾಧಿಸಿ ತೋರಿಸಿದರು.

ನಮ್ಮ ನೆಲದಲ್ಲಿ

ಭಾರತದ ವೈಜ್ಞಾನಿಕ ನಕ್ಷೆಯ ಕಥೆಗೆ ಕರ್ನಾಟಕದ ನಂಟಿದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನೂರು ಅಡಿಯ ಉಕ್ಕಿನ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆದದ್ದು ಬೆಂಗಳೂರಿನ ಬಳಿ. 1802ರಲ್ಲಿ ಮದ್ರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದು ಮುನ್ನುಡಿಯಾಯಿತು. ಆದರೆ ಸರ್ವೆ ಇಲಾಖೆಯ ವಿವರವಾದ ನಕ್ಷೆಗಳು ಬಹುಕಾಲ ರಕ್ಷಣೆಯ ಕಟ್ಟುಪಾಡುಗಳಲ್ಲಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣಾ ಸರಣಿ, ಮುಕ್ತ ಸರಣಿ ಎಂದು ನಕ್ಷೆಗಳನ್ನು ಎರಡಾಗಿ ವಿಂಗಡಿಸಿತು. ಪೂರ್ವಾನುಮತಿ ಇಲ್ಲದೆ ನಕ್ಷೆಯ ಮಾಹಿತಿ ಸಂಗ್ರಹಿಸಲು, ಹಂಚಲು ಭಾರತೀಯ ಸಂಸ್ಥೆಗಳಿಗೆ ವಿಶಾಲವಾದ ಅವಕಾಶ ಸಿಕ್ಕಿದ್ದು 2021ರ ಫೆಬ್ರುವರಿಯ ಮಾರ್ಗಸೂಚಿಯಿಂದ.

ಈ ನಡುವಿನ ಕೊರತೆಯನ್ನು ಜನರೇ ತುಂಬಿದರು. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ತಮ್ಮೂರಿನ ರಸ್ತೆಯನ್ನು ಗುರುತಿಸಬಹುದು, ಆ ಮಾಹಿತಿಯನ್ನು ಬಳಸಬಹುದು. ಗೂಗಲ್ ಮ್ಯಾಪ್ಸ್ 2005ರಲ್ಲಿ ಬಂತು. ಬಳಕೆದಾರರೇ ರಸ್ತೆಗಳನ್ನು ಸೇರಿಸುವ ಅದರ ಮ್ಯಾಪ್ ಮೇಕರ್ 2008ರಲ್ಲಿ ಹೊರಬಂದಾಗ ಅದರ ಹಿಂದೆ ಬೆಂಗಳೂರಿನಲ್ಲಿದ್ದ ಲಲಿತೇಶ್ ಕಟ್ರಗಡ್ಡ ಮತ್ತು ಅವರ ತಂಡವಿತ್ತು. 2017ರಲ್ಲಿ ಆ ಸೇವೆ ನಿಂತಿತು. ಇನ್ನೊಂದು ವಿಷಯ ಗಮನಿಸಿ. ನಮ್ಮಲ್ಲಿ ದಾರಿ ಕೇಳಿದರೆ ರಸ್ತೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಅರಳಿಕಟ್ಟೆ ದಾಟಿ, ಪೆಟ್ರೋಲ್ ಬಂಕಿನ ಹತ್ತಿರ ಎಡಕ್ಕೆ ಎನ್ನುತ್ತಾರೆ. 2009ರ ಡಿಸೆಂಬರಿನಲ್ಲಿ ಗೂಗಲ್ ಭಾರತದ ನಕ್ಷೆಗಳಿಗೆ ಇಂಥ ಹೆಗ್ಗುರುತುಗಳ ಮೂಲಕ ದಾರಿ ಹೇಳುವ ಕ್ರಮವನ್ನು ಸೇರಿಸಿತು. ಯಂತ್ರ ನಮ್ಮ ಹಳ್ಳಿಗರಿಂದ ಪಾಠ ಕಲಿಯಿತು ಎನ್ನೋಣ.

ಎಲ್ಲರೂ ಹತ್ತಿರದ ದಾರಿ ಹಿಡಿದರೆ?

ಒಬ್ಬನಿಗೆ ಒಳ್ಳೆಯದಾದ ದಾರಿ ಎಲ್ಲರಿಗೂ ಒಳ್ಳೆಯದೇ? ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರಾಸ್ 1968ರಲ್ಲಿ ಅಚ್ಚರಿಯ ಉತ್ತರ ಕೊಟ್ಟರು. 4,000 ವಾಹನಗಳು ಪ ಊರಿನಿಂದ ಬ ಊರಿಗೆ ಹೋಗಬೇಕು ಎನ್ನಿ. ಒಂದು ದಾರಿ ಮ ಮೂಲಕ, ಇನ್ನೊಂದು ನ ಮೂಲಕ. ಪ–ಮ ಮತ್ತು ನ–ಬ ಇಕ್ಕಟ್ಟಾದ ರಸ್ತೆಗಳು. ಅಲ್ಲಿ ಹಿಡಿಯುವ ನಿಮಿಷಗಳು ಎಂದರೆ ವಾಹನಗಳ ಸಂಖ್ಯೆಯ ನೂರನೇ ಒಂದು ಭಾಗ. ಮ–ಬ ಮತ್ತು ಪ–ನ ಅಗಲವಾದವು. ಎಷ್ಟೇ ವಾಹನವಿರಲಿ 45 ನಿಮಿಷ. ವಾಹನಗಳು ಸಮವಾಗಿ ಹಂಚಿಕೊಂಡರೆ ಪ್ರತಿಯೊಬ್ಬರಿಗೂ 20 + 45 = 65 ನಿಮಿಷ. ಈಗ ಮ ಮತ್ತು ನ ನಡುವೆ ಕ್ಷಣದಲ್ಲಿ ದಾಟಬಹುದಾದ ಹೊಸ ಸೇತುವೆ ಕಟ್ಟಿದರು. ಪ–ಮ–ನ–ಬ ದಾರಿಯೇ ವೇಗದ್ದೆಂದು ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಆಗ ಆಗುವ ಕಾಲ 40 + 40 = 80 ನಿಮಿಷ! ಒಬ್ಬ ಹಳೆಯ ದಾರಿಗೆ ಮರಳಿದರೆ ಅವನಿಗೆ 85 ನಿಮಿಷ, ಹಾಗಾಗಿ ಯಾರೂ ಮರಳುವುದಿಲ್ಲ. ರಸ್ತೆ ಹೆಚ್ಚಾಯಿತು, ಎಲ್ಲರಿಗೂ ತಡವಾಯಿತು.

ಇದು ಕಾಗದದ ಲೆಕ್ಕ ಮಾತ್ರವಲ್ಲ. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಎಂಬ ಪುಟ್ಟ ಊರು ನ್ಯೂಯಾರ್ಕ್‌ಗೆ ಹೋಗುವ ಸೇತುವೆಯ ಸಮೀಪದಲ್ಲಿದೆ. ಮೊಬೈಲಿನ ನಕ್ಷೆಗಳು ಹೆದ್ದಾರಿಯ ದಟ್ಟಣೆ ತಪ್ಪಿಸಲು ವಾಹನಗಳನ್ನು ಆ ಊರಿನ ಮನೆಬೀದಿಗಳಿಗೆ ತಿರುಗಿಸತೊಡಗಿದವು. ಜನರಿಗೆ ತಮ್ಮ ಮನೆಯಿಂದ ಹೊರಬರುವುದೇ ಕಷ್ಟವಾದಾಗ, 2018ರ ಜನವರಿಯಲ್ಲಿ ಊರಿನ ಆಡಳಿತ ಸುಮಾರು 60 ಬೀದಿಗಳಲ್ಲಿ ದಟ್ಟಣೆಯ ವೇಳೆ ಹೊರಗಿನವರ ವಾಹನಗಳನ್ನು ನಿಷೇಧಿಸಿತು. ಆ ಕಟ್ಟಳೆಯನ್ನು ಅದೇ ವರ್ಷ ನ್ಯಾಯಾಲಯ ತಳ್ಳಿಹಾಕಿತು. ಬೀದಿಯಲ್ಲಿ ಆಡುವ ಮಕ್ಕಳಿಗೆ, ಅಂಗಳದಲ್ಲಿ ಕೂರುವ ಹಿರಿಯರಿಗೆ ಜಾಲದಲ್ಲಿ ತೂಕ ಎಷ್ಟು? ಅದನ್ನು ಯಾರೂ ಬರೆದಿರಲಿಲ್ಲ.

ತಪ್ಪು ಎಲ್ಲಿತ್ತು?

ಮತ್ತೆ ಹಳ್ಳದ ದಂಡೆಗೆ ಬರೋಣ. ಅಂದು ಕ್ರಮವಿಧಿಯಲ್ಲಿ ತಪ್ಪಿರಲಿಲ್ಲ, ಉಪಗ್ರಹಗಳಲ್ಲೂ ತಪ್ಪಿರಲಿಲ್ಲ. ಕೋಷ್ಟಕದಲ್ಲಿ ಒಂದು ಗೆರೆ ಎರಡು ಮಳೆಗಾಲ ಹಳೆಯದಾಗಿತ್ತು, ಅಷ್ಟೆ. ಹಿರಿಯರಿಗೆ ತಿಳಿದಿದ್ದ ಸಂಗತಿ ನಕ್ಷೆಗೆ ತಿಳಿದಿರಲಿಲ್ಲ. ಯಂತ್ರ ಕೊಡುವ ಉತ್ತರ ಅದಕ್ಕೆ ನಾವು ಕೊಟ್ಟ ಜಾಲ ಮತ್ತು ತೂಕಗಳಿಗೆ ಮಾತ್ರ ಸರಿ. ಜಾಲ ಹಳತಾದರೆ ಉತ್ತರ ಹಳ್ಳಕ್ಕೆ ಬೀಳುತ್ತದೆ. ತೂಕ ತಪ್ಪಾದರೆ ಯಾರದೋ ಅಂಗಳಕ್ಕೆ ನುಗ್ಗುತ್ತದೆ.

ಆ ದಿನ ಪರೀಕ್ಷೆ ಸಂಜೆ ತಡವಾಗಿ ಮುಗಿಯಿತು. ರಾತ್ರಿ ಊರಿಗೆ ಮರಳಿ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ನೋಡಿದೆ. ಅಲ್ಲೂ ಆ ಸೇತುವೆ ಗಟ್ಟಿಯಾಗಿ ನಿಂತಿತ್ತು. ಅಲ್ಲಿ ರಸ್ತೆ ಕಡಿದಿದೆ ಎಂದು ಗುರುತು ಮಾಡಲು ಐದು ನಿಮಿಷ ಸಾಕಾಯಿತು. ವಿಜ್ಞಾನದ ಅಧ್ಯಾಪಕರು ದಾರ ಮತ್ತು ನಟ್ಟುಗಳ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಿದ ಮೇಲೆ ಇನ್ನೊಂದು ಕೆಲಸ ಕೊಡಬಹುದು. ವಿದ್ಯಾರ್ಥಿಗಳು ತಮ್ಮೂರಿನಿಂದ ಶಾಲೆಯವರೆಗಿನ ರಸ್ತೆಗಳನ್ನು ಜಾಲವಾಗಿ ಬರೆದು, ನಡೆದು ಅಳೆದು, ಡಿಜಿಟಲ್ ನಕ್ಷೆಯೊಡನೆ ಹೋಲಿಸಲಿ. ಮಳೆಗಾಲದಲ್ಲಿ ಮುಳುಗುವ ಸೇತುವೆ, ಬಸ್ಸು ತಿರುಗದ ತಿರುವು, ನಕ್ಷೆಯಲ್ಲಿ ಇಲ್ಲದ ಕಾಲುದಾರಿ ಯಾವುವು ಎಂದು ಪಟ್ಟಿ ಮಾಡಲಿ. ಡೈಕ್‌ಸ್ಟ್ರಾ ಅವರ ಮೂರು ಪುಟಗಳು ತಮ್ಮ ಪಾಲಿನ ಕೆಲಸ ಮುಗಿಸಿ ಅರವತ್ತು ವರ್ಷ ದಾಟಿದೆ. ಕೋಷ್ಟಕವನ್ನು ಸರಿಯಾಗಿಡುವ ಕೆಲಸ ಮಾತ್ರ ಪ್ರತಿ ಮಳೆಗಾಲದ ನಂತರವೂ ಹೊಸದಾಗಿ ಆರಂಭವಾಗುತ್ತದೆ.